ಹಾಯಿದೋಣಿ ಕೈ ಬದಲಾಗುವಾಗ

ದೋಣಿ ಮಾರಿದೆ ಎಂದ ಕೂಡಲೇ ನಮ್ಮ ಕನ್ನಡ ಬಳಗದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟಕ್ಕೆ ಹೋಯಿತು, ಡಾಕ್ಟ್ರೇ?" ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮನೆ ಮಾರಿದರೂ ಕಾರು ಮಾರಿದರೂ ನಾವು ಕೇಳುವುದು ಅದನ್ನೇ. ಉತ್ತರ ಕೇಳಿದವರು ಮಾತ್ರ ಒಮ್ಮೆ ನನ್ನ ಮುಖ ನೋಡುತ್ತಾರೆ. ಇಪ್ಪತ್ತೆರಡು ವರ್ಷ ಸಾಕಿದ, ಇಪ್ಪತ್ತೇಳು ಅಡಿ ಉದ್ದದ ಹಾಯಿದೋಣಿಗೆ ನನಗೆ ಸಿಕ್ಕಿದ್ದು 5,500 ಡಾಲರ್. ಮೊಮ್ಮಗಳ ಹಲ್ಲಿಗೆ ತಂತಿ ಕಟ್ಟಿಸಲು ಮಗಳು ಇದಕ್ಕಿಂತ ಹೆಚ್ಚು ಕೊಟ್ಟಿದ್ದಾಳೆ. ಇನ್ನೂ ವಿಚಿತ್ರವೆಂದರೆ, ಇದಕ್ಕಿಂತ ಜಾಸ್ತಿ ಕೊಡುತ್ತೇನೆಂದು ಬಂದ ಒಬ್ಬನನ್ನು ನಾನು ವಾಪಸು ಕಳಿಸಿದ್ದೆ.

ಇದು ಯಾವ ಲೆಕ್ಕ ಎಂದು ಯುಗಾದಿ ಊಟದ ಸಾಲಿನಲ್ಲಿ ನಿಂತು ವಿವರಿಸಲು ಆಗುವುದಿಲ್ಲ. ಸಂಪಾದಕರು ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ ನಾನು ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿರಬೇಕು. ವೈದ್ಯಕೀಯದ ಮಾತೂ ಇಲ್ಲಿ ಬರುತ್ತದೆ. ಆದರೆ ಹೇಳಬೇಕಾದದ್ದು ಬೇರೆ: ಹಳೆಯ ದೋಣಿಯೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತದೆ, ಆಗ ನಿಜವಾಗಿ ಕೈ ಬದಲಾಗುವುದು ಏನು, ಮತ್ತು ದೋಣಿ ಇಟ್ಟುಕೊಂಡವರು ಒಬ್ಬರಿಗೊಬ್ಬರು ಏಕೆ ಅಷ್ಟು ಆಗಿಬರುತ್ತಾರೆ ಎಂಬುದು.

ಕೆರೆ ಮತ್ತು ದೋಣಿ

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮಲ್ಲಿ ಹೆಚ್ಚಿನವರು ಸೇಂಟ್ ಕ್ಲೇರ್ ಸರೋವರವನ್ನು ಕಾರಿನ ಕಿಟಕಿಯಿಂದ ನೋಡಿದವರೇ. ಹ್ಯೂರಾನ್ ಮತ್ತು ಈರಿ ಮಹಾಸರೋವರಗಳ ನಡುವೆ, ಐದು ಮಹಾಸರೋವರಗಳ ಪಟ್ಟಿಗೆ ಸೇರದೆ ಉಳಿದಿರುವ ನೀರು ಇದು. ವಿಸ್ತಾರ ಸುಮಾರು 1,100 ಚದರ ಕಿಲೋಮೀಟರ್. ಅಷ್ಟು ಅಗಲವಿದ್ದರೂ ಸರಾಸರಿ ಆಳ ಬರೀ 11 ಅಡಿ. ದೊಡ್ಡ ಹಡಗುಗಳು ಓಡಾಡಲಿಕ್ಕೆಂದು ನಡುವೆ ಒಂದು ಕಾಲುವೆಯನ್ನು 27 ಅಡಿ ಆಳಕ್ಕೆ ತೋಡಿದ್ದಾರೆ. ಒಂದು ಕಡೆ ಮಿಷಿಗನ್, ಇನ್ನೊಂದು ಕಡೆ ಕೆನಡಾದ ಒಂಟೇರಿಯೊ. ಫ್ರೆಂಚ್ ಅನ್ವೇಷಕ ಲಾ ಸಾಲ್ 1679ರ ಆಗಸ್ಟ್ 12ರಂದು ಇಲ್ಲಿಗೆ ಬಂದ. ಆ ದಿನ ಸಂತ ಕ್ಲೇರಳ ಹಬ್ಬವಾಗಿತ್ತು, ಅದೇ ಹೆಸರು ನೀರಿಗೂ ನಿಂತಿತು.

ಆಳ ಕಡಿಮೆ ಎಂದರೆ ಅಪಾಯ ಕಡಿಮೆ ಎಂದಲ್ಲ. ತಗ್ಗು ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಅಂಟಿಕೊಂಡು ಬರುತ್ತವೆ. ಕುಂದಾಪುರದ ಕಡೆ ಹುಟ್ಟಿ ಬೆಳೆದ ನನಗೆ ಅಳಿವೆ ಬಾಗಿಲಿನಲ್ಲಿ ದೋಣಿ ಕುಣಿಯುವುದು ಹೊಸದೇನಲ್ಲ. ಆದರೂ ಈ ಕೆರೆಯ ಕುಣಿತ ಬೇರೆ ಜಾತಿಯದು ಎನ್ನುತ್ತೇನೆ.

ನನ್ನ ದೋಣಿ ಕ್ಯಾಟಲೀನಾ 27, 1984ರಲ್ಲಿ ತಯಾರಾದದ್ದು, ನಾನು 2002ರಲ್ಲಿ ಕೊಂಡದ್ದು. ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಬಟ್ಲರ್ ಎಂಬವರು ಕಟ್ಟಿದ ಕಂಪನಿಯ ಮಾದರಿ ಇದು. 1971ರಿಂದ ಎರಡು ದಶಕ ತಯಾರಾಗಿ ಆರು ಸಾವಿರಕ್ಕೂ ಹೆಚ್ಚು ದೋಣಿಗಳು ಹೊರಬಂದವು. ಶ್ರೀಮಂತರ ಯಾಟ್ ಅಲ್ಲ, ಮೇಷ್ಟ್ರು ಗುಮಾಸ್ತರೂ ಕೊಳ್ಳಬಹುದಾದ ದೋಣಿ. ತೂಕ ಸುಮಾರು 3,100 ಕಿಲೋ. ಅದರಲ್ಲಿ 1,200 ಕಿಲೋಗಿಂತ ಹೆಚ್ಚು ತಳದಲ್ಲಿ ರೆಕ್ಕೆಯಂತೆ ಇಳಿದಿರುವ ಸೀಸದ ಕೀಲಿನದ್ದೇ. ಗಾಳಿ ದೋಣಿಯನ್ನು ಮಲಗಿಸಲು ಹೊರಟಾಗ ಎಬ್ಬಿಸಿ ನಿಲ್ಲಿಸುವುದು ಆ ಸೀಸ. ಒಳಗೆ 11 ಅಶ್ವಶಕ್ತಿಯ ಒಂದು ಪುಟ್ಟ ಡೀಸೆಲ್ ಎಂಜಿನ್, ಎರಡು ಬೆಂಚು, ಒಂದು ಒಲೆ, ಬಾಗಿ ನಡೆಯಬೇಕಾದ ಒಂದು ಶೌಚಾಲಯ.

ನಾನು ಇಟ್ಟ ಹೆಸರು 'ಸೌಪರ್ಣಿಕಾ'. ಕೊಲ್ಲೂರಿನಿಂದ ಇಳಿದು ನಮ್ಮೂರ ಹತ್ತಿರ ಸಮುದ್ರ ಸೇರುವ ನದಿ. ಹಿಂಬದಿಯಲ್ಲಿ ದೊಡ್ಡದಾಗಿ ಇಂಗ್ಲಿಷಿನಲ್ಲಿ, ಅದರ ಕೆಳಗೆ ಸಣ್ಣದಾಗಿ ಕನ್ನಡದಲ್ಲಿ ಬರೆಸಿದ್ದೆ. ಅದನ್ನು ಉಚ್ಚರಿಸಲು ಒಂದು ಬೇಸಿಗೆ ಪೂರ್ತಿ ಪ್ರಯತ್ನಿಸಿ ಸೋತ ನೆರೆಹೊರೆಯ ದೋಣಿಯವರು ಕೊನೆಗೆ 'ಸೂಪಿ' ಎಂದು ಕರೆದರು. ನಾನು 'ಡಾಕ್' ಆದೆ. ನಾನು ನಿಲ್ಲುತ್ತಿದ್ದ ಮರದ ಕಟ್ಟೆಯೂ ಡಾಕ್. ಗೊಂದಲ ಬೇಡವೆಂದು ಈ ಲೇಖನದಲ್ಲಿ ಆ ಕಟ್ಟೆಯನ್ನು ನಮ್ಮ ಕರಾವಳಿಯ ಮಾತಿನಲ್ಲೇ 'ದಕ್ಕೆ' ಎನ್ನುತ್ತೇನೆ.

ಬೆಲೆ ಏಕೆ ಇಷ್ಟು ಕಡಿಮೆ

ಮರದ ದೋಣಿ ಮುದಿಯಾಗುತ್ತದೆ, ಕೊಳೆಯುತ್ತದೆ, ಒಂದು ದಿನ ಒಲೆಗೆ ಹೋಗುತ್ತದೆ. ಫೈಬರ್‌ಗ್ಲಾಸ್ ದೋಣಿಗೆ ಈ ಭಾಗ್ಯವಿಲ್ಲ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಒಣಗಿಸಿದ ಮೈ ಐವತ್ತು ವರ್ಷವಾದರೂ ಹಾಗೇ ಇರುತ್ತದೆ. ಆದ್ದರಿಂದ 1970 ಮತ್ತು 80ರ ದಶಕಗಳಲ್ಲಿ ಸಾವಿರಗಟ್ಟಲೆ ತಯಾರಾದ ದೋಣಿಗಳು ಇನ್ನೂ ತೇಲುತ್ತಿವೆ. ಅವನ್ನು ಕೊಂಡ ತಲೆಮಾರು ಮಾತ್ರ ಮೊಣಕಾಲು, ಸೊಂಟ, ಕಣ್ಣು ಎನ್ನುತ್ತಾ ಒಬ್ಬೊಬ್ಬರೇ ದಡ ಸೇರುತ್ತಿದೆ. ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ.

ಇದರ ಮೇಲೆ ಸಾಕುವ ಖರ್ಚು. ಬೇಸಿಗೆಯಲ್ಲಿ ದಕ್ಕೆಯ ಬಾಡಿಗೆ, ಚಳಿಗಾಲದಲ್ಲಿ ನೆಲದ ಮೇಲೆ ನಿಲ್ಲಿಸಲು ಬಾಡಿಗೆ, ಎತ್ತಲು ಇಳಿಸಲು ಕ್ರೇನ್, ವಿಮೆ, ತಳಕ್ಕೆ ಬಣ್ಣ. ನನಗೆ ವರ್ಷಕ್ಕೆ ನಾಲ್ಕು ಸಾವಿರ ಡಾಲರಿನ ಆಸುಪಾಸು ಆಗುತ್ತಿತ್ತು. ಅಂದರೆ ದೋಣಿಯ ಬೆಲೆ ಒಂದು ಬಾರಿ ಕೊಡುವಂಥದ್ದಲ್ಲ, ಪ್ರತಿ ವರ್ಷ ಕೊಡುತ್ತಿರುವಂಥದ್ದು. ಕೊಳ್ಳುವಾಗ ಕೊಡುವುದು ಬರೀ ಪ್ರವೇಶ ಶುಲ್ಕ.

ಹೀಗಾಗಿ ಪುಕ್ಕಟೆ ಎಂದು ತಗೊಂಡು ಎರಡನೇ ವರ್ಷಕ್ಕೆ ಕೈಬಿಟ್ಟ ದೋಣಿಗಳು ಪ್ರತಿ ಮರೀನಾದ ಹಿಂದಿನ ಬೇಲಿಯ ಬಳಿ ಸಿಗುತ್ತವೆ. ಟಾರ್ಪಾಲು ಹರಿದು, ಒಳಗೆ ಮಳೆನೀರು ನಿಂತು, ಹಾಯಿಕಂಬ ಕಳಚಿಕೊಂಡು. ಫೈಬರ್‌ಗ್ಲಾಸನ್ನು ಕರಗಿಸಿ ಮತ್ತೆ ಬಳಸಲು ಬರುವುದಿಲ್ಲ, ಗರಗಸದಿಂದ ಕೊಯ್ದು ಕಸದ ಗುಂಡಿಗೆ ಹಾಕಬೇಕು, ಅದಕ್ಕೂ ದುಡ್ಡು. ಬೆಲೆಬಾಳುವುದು ಎಂಜಿನ್ ಮತ್ತು ಕೀಲಿನ ಸೀಸ ಮಾತ್ರ. ನಾನು ವಾಪಸು ಕಳಿಸಿದ ಮನುಷ್ಯನಿಗೆ ಬೇಕಾಗಿದ್ದುದು ಅವೆರಡೇ. ಅವನು ಅದನ್ನು ಮುಚ್ಚಿಡಲಿಲ್ಲ, ಆ ಮಟ್ಟಿಗೆ ಪ್ರಾಮಾಣಿಕ. ಆದರೆ ಓಡುತ್ತಿರುವ ದೋಣಿಯನ್ನು ಗುಜರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ನಾನು ಏಕೆ ಮಾರಿದೆ

ಇಲ್ಲಿ ವೈದ್ಯಕೀಯ ಬರುತ್ತದೆ. ಅರವತ್ತಾರನೇ ವಯಸ್ಸಿನಲ್ಲಿ ನನ್ನ ಹೃದಯದ ತಾಳ ತಪ್ಪಿತು. ಏಟ್ರಿಯಲ್ ಫಿಬ್ರಿಲೇಶನ್. ನಮ್ಮ ವಯಸ್ಸಿನವರಲ್ಲಿ ಬಹಳ ಸಾಮಾನ್ಯ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಬೇಕು. ನೂರಾರು ರೋಗಿಗಳಿಗೆ ನಾನೇ ಬರೆದುಕೊಟ್ಟ ಮಾತ್ರೆ.

ಹಾಯಿದೋಣಿಯಲ್ಲಿ ದೊಡ್ಡ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡ ಕೊಳವೆಗೆ ಬೂಮ್ ಎನ್ನುತ್ತಾರೆ. ಗಾಳಿ ಹಿಂದಿನಿಂದ ಬರುವಾಗ ದಿಕ್ಕು ಸ್ವಲ್ಪ ತಪ್ಪಿದರೂ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುತ್ತದೆ, ತಲೆಯ ಎತ್ತರದಲ್ಲೇ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಗೂ ಅದಕ್ಕೂ ನಡುವಿನ ಸೂಕ್ಷ್ಮ ರಕ್ತನಾಳಗಳು ಎಳೆದು ಕಟ್ಟಿದ ದಾರದಂತೆ ಬಿಗಿಯಾಗುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ಮಾತ್ರೆ ನುಂಗುವವರಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಲಕ್ಷಣ ಕಾಣುವುದು ಕೆಲವೊಮ್ಮೆ ವಾರಗಳ ನಂತರ. ಓದುಗರಲ್ಲಿ ಈ ಮಾತ್ರೆ ನುಂಗುವವರು ಇದ್ದೇ ಇರುತ್ತಾರೆ. ಬಚ್ಚಲಲ್ಲಿ ಜಾರಿ ತಲೆ ತಗುಲಿದರೂ "ಏನೂ ಆಗಿಲ್ಲ" ಎಂದು ಸುಮ್ಮನಿರಬೇಡಿ.

ಇನ್ನೊಂದು ಕಾರಣ ತಣ್ಣೀರು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದನ್ನು 1-10-1 ಎಂಬ ಸೂತ್ರದಲ್ಲಿ ಹೇಳುತ್ತಾರೆ. ಹೆಪ್ಪುಗಟ್ಟುವಷ್ಟು ತಣ್ಣಗಿನ ನೀರಿಗೆ ಬಿದ್ದರೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಹತ್ತು ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಮೊದಲ ನಿಮಿಷದ ಏದುಸಿರಿನಲ್ಲಿ ನೀರು ಕುಡಿದು. ತಾಳ ತಪ್ಪಿದ ಹೃದಯಕ್ಕೆ ಆ ಆಘಾತ ಇನ್ನೂ ಹೆಚ್ಚು. ಒಬ್ಬನೇ ದೋಣಿ ಒಯ್ಯುವುದು ನನಗೆ ಇಷ್ಟವಾಗಿತ್ತು. ಒಬ್ಬನೇ ಹೋಗಲಾಗದಿದ್ದರೆ ನನ್ನ ಮಟ್ಟಿಗೆ ಆ ದೋಣಿ ನನ್ನದಲ್ಲ. ಹೆಂಡತಿ ಒಂದೇ ಮಾತು ಹೇಳಿದಳು: "ಬೇರೆಯವರಿಗೆ ನೀವು ಏನು ಹೇಳುತ್ತಿದ್ದಿರಿ?" ವೈದ್ಯನ ಹೆಂಡತಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕಾಗುವುದಿಲ್ಲ.

ತಟ್ಟಿ ನೋಡುವ ವಿದ್ಯೆ

ಹಳೆಯ ದೋಣಿ ಕೊಳ್ಳುವವರು ಸರ್ವೇಯರ್ ಒಬ್ಬರನ್ನು ನೇಮಿಸುತ್ತಾರೆ. ವಿಮೆ ಕಂಪನಿಗಳೂ ಹಳೆಯ ದೋಣಿಯಾದರೆ ಸಾಮಾನ್ಯವಾಗಿ ಇದನ್ನು ಕೇಳುತ್ತವೆ. ಶುಲ್ಕ ಕೊಡುವವರು ಕೊಳ್ಳುವವರು, ವರದಿಯೂ ಅವರದೇ. ಮಾರುವವನು ಆಪರೇಷನ್ ಥಿಯೇಟರಿನ ಹೊರಗೆ ನಿಂತ ಸಂಬಂಧಿಕನ ಹಾಗೆ ದೂರದಲ್ಲಿ ಕೈಕಟ್ಟಿಕೊಂಡಿರಬೇಕು. ಜೀವನವಿಡೀ ಆ ಬಾಗಿಲಿನ ಒಳಗಿದ್ದ ನನಗೆ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅಂದು ಗೊತ್ತಾಯಿತು.

ಸರ್ವೇಯರ್ ಒಂದು ಸಣ್ಣ ಸುತ್ತಿಗೆಯಿಂದ ಡೆಕ್ ಮತ್ತು ತಳವನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಚುರುಕಾದ ಶಬ್ದ, ಪದರ ಬಿಟ್ಟಿದ್ದರೆ ಅಥವಾ ಒಳಗಿನ ಮರಕ್ಕೆ ನೀರು ಇಳಿದಿದ್ದರೆ ಮಂದ ಶಬ್ದ. ನಾವು ಮೊದಲ ವರ್ಷದ ಕ್ಲಿನಿಕ್ಕಿನಲ್ಲಿ ಕಲಿಯುವ ವಿದ್ಯೆಯೇ ಇದು: ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟುವುದು. ಗಾಳಿ ತುಂಬಿದ ಶ್ವಾಸಕೋಶ ಟೊಳ್ಳಾಗಿ ಮೊಳಗುತ್ತದೆ, ನೀರು ನಿಂತಲ್ಲಿ ಕಲ್ಲು ಬಡಿದಂತಾಗುತ್ತದೆ. ಇದನ್ನು ವೈದ್ಯಶಾಸ್ತ್ರಕ್ಕೆ ತಂದವರು ಆಸ್ಟ್ರಿಯಾದ ಲಿಯೋಪೋಲ್ಡ್ ಔಯೆನ್‌ಬ್ರುಗರ್. ಅವರ ಪುಸ್ತಕ 1761ರಲ್ಲಿ ಬಂತು. ಅವರ ತಂದೆ ಗ್ರಾಜ್ ಊರಿನಲ್ಲಿ ಛತ್ರ ನಡೆಸುತ್ತಿದ್ದರು, ಪೀಪಾಯಿಯಲ್ಲಿ ವೈನ್ ಎಷ್ಟಿದೆ ಎಂದು ತಟ್ಟಿ ನೋಡುವುದನ್ನು ಹುಡುಗ ಅಲ್ಲಿ ಕಂಡಿದ್ದ ಎಂಬ ಮಾತಿದೆ. ಆ ಪುಸ್ತಕವನ್ನು ಬಹುಕಾಲ ಹೆಚ್ಚಿನವರು ಲೆಕ್ಕಿಸಲಿಲ್ಲ. ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ 1808ರಲ್ಲಿ ಫ್ರೆಂಚಿಗೆ ತಂದ ಮೇಲೆ ಅದು ಯುರೋಪಿನಲ್ಲಿ ಹರಡಿತು. ಈಗಿನ ಯುವ ವೈದ್ಯರು ತಟ್ಟುವುದನ್ನು ಬಿಟ್ಟು ಸ್ಕ್ಯಾನಿಗೆ ಬರೆಯುತ್ತಾರೆ. ದೋಣಿಯವರು ಇನ್ನೂ ಬಿಟ್ಟಿಲ್ಲ ಎಂಬುದು ನನಗೆ ಸಮಾಧಾನ.

ತಳದಲ್ಲಿ ನೋಡುವ ಇನ್ನೊಂದು ರೋಗ ಗುಳ್ಳೆ. ಫೈಬರ್‌ಗ್ಲಾಸಿನ ಹೊರಪದರದ ಮೂಲಕ ನೀರು ಬಹಳ ನಿಧಾನವಾಗಿ ಒಳನುಸುಳುತ್ತದೆ. ಒಳಗೆ ಉಳಿದಿರುವ ರಾಸಾಯನಿಕಗಳು ಅದರಲ್ಲಿ ಕರಗುತ್ತವೆ, ಆ ಗಾಢ ದ್ರವ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಪಿಯುಸಿಯಲ್ಲಿ ಓದಿದ ಆಸ್ಮಾಸಿಸ್. ಒತ್ತಡ ಹೆಚ್ಚಾಗಿ ಗುಳ್ಳೆ ಏಳುತ್ತದೆ, ಚುಚ್ಚಿದರೆ ವಿನೆಗರಿನಂಥ ವಾಸನೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇದು ಬೇಗ, ಏಕೆಂದರೆ ಎರಡು ಬದಿಯ ಸಾಂದ್ರತೆಯ ಅಂತರ ಅಲ್ಲಿ ಹೆಚ್ಚು. ಲೋಹಗಳ ವಿಷಯದಲ್ಲಿ ಸಿಹಿನೀರು ಸೌಮ್ಯ. ಪ್ರೊಪೆಲ್ಲರ್ ಸವೆಯದಂತೆ ತಾನೇ ಸವೆದುಹೋಗಲಿಕ್ಕೆಂದು ಕಟ್ಟುವ ಲೋಹದ ತುಂಡು ಸಮುದ್ರದಲ್ಲಾದರೆ ಜಿಂಕ್, ಇಲ್ಲಿ ಮೆಗ್ನೀಸಿಯಂ.

ಸರ್ವೇಯರ್ ಎಡಬದಿಯಲ್ಲಿ, ಹಾಯಿಕಂಬವನ್ನು ಹಿಡಿದಿರುವ ತಂತಿ ಡೆಕ್ಕಿಗೆ ಇಳಿಯುವ ಕಡೆ ಮಂದ ಶಬ್ದ ಕೇಳಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಆ ಜಾಗ ನಾನು ಕೊಟ್ಟಿದ್ದ ಪಟ್ಟಿಯಲ್ಲಿ ಮೂರನೆಯದಾಗಿ ಇತ್ತು. ಮಾರುವ ಮೊದಲೇ ದೋಣಿಯ ಎಲ್ಲ ಕಾಯಿಲೆಗಳನ್ನೂ ಎರಡು ಪುಟದಲ್ಲಿ ಬರೆದು ಕೊಳ್ಳುವವರ ಕೈಗೆ ಕೊಟ್ಟಿದ್ದೆ. ದಕ್ಕೆಯ ಹಿರಿಯರೊಬ್ಬರು ಕಲಿಸಿದ ಪದ್ಧತಿ ಇದು. ಅದರಿಂದ ಬೆಲೆ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಬಿರುಗಾಳಿಯಲ್ಲಿ ಆ ತಂತಿಯನ್ನು ನಂಬಿ ಕೂರುವವರಿಗೆ ಅದು ಗೊತ್ತಿರಲೇಬೇಕು. ರೋಗಿಯನ್ನು ಇನ್ನೊಬ್ಬ ವೈದ್ಯರಿಗೆ ಒಪ್ಪಿಸುವಾಗ ನಾವು ಯಾವುದನ್ನೂ ಮರೆಮಾಚುವುದಿಲ್ಲವಲ್ಲ.

ದಕ್ಕೆಯ ನಂಟು

ನಮ್ಮ ದಕ್ಕೆಯ ಸಾಲಿನಲ್ಲಿ ಹದಿನಾಲ್ಕು ದೋಣಿಗಳಿದ್ದವು. ಕಾರು ಕಾರ್ಖಾನೆಯಿಂದ ನಿವೃತ್ತನಾದ ಅಚ್ಚು ಕೆಲಸಗಾರ, ಶಾಲಾ ಬಸ್ಸು ಓಡಿಸುವಾಕೆ, ವಕೀಲ, ಪ್ಲಂಬರ್, ಒಬ್ಬ ಪಾದ್ರಿ. ಮೊದಲ ಎರಡು ವರ್ಷ ಯಾರು ಏನು ಕೆಲಸ ಮಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ದೋಣಿಯ ಹೆಸರು ಮತ್ತು ಯಾರ ಬಳಿ ಯಾವ ಪಾನಾ ಇದೆ ಎಂಬುದು. ಅಲ್ಲಿ ಮರ್ಯಾದೆ ಸಿಗುವುದು ಪದವಿಗಲ್ಲ, ಡೀಸೆಲ್ ಎಂಜಿನ್ನಿನಿಂದ ಗಾಳಿ ತೆಗೆಯಲು ಬರುತ್ತದೆಯೇ ಎಂಬುದಕ್ಕೆ. ಆಸ್ಪತ್ರೆಯಲ್ಲಿ ನಾನು ಹೇಳಿದ್ದನ್ನು ಬರೆದುಕೊಳ್ಳುವ ಜನ ಇದ್ದರು. ದಕ್ಕೆಯಲ್ಲಿ ಆ ಅಚ್ಚು ಕೆಲಸಗಾರ ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ.

ಅಲ್ಲಿನ ನಿಯಮಗಳನ್ನು ಎಲ್ಲೂ ಬರೆದಿಟ್ಟಿಲ್ಲ. ಯಾವ ದೋಣಿ ಒಳಬಂದರೂ ಕೈಯಲ್ಲಿನ ಬಿಯರ್ ಕೆಳಗಿಟ್ಟು ಎದ್ದು ಹೋಗಿ ಹಗ್ಗ ಹಿಡಿಯಬೇಕು, ಮಾತು ಬಿಟ್ಟವರಾದರೂ ಸರಿ. ಗಾಳಿ ಎದ್ದ ರಾತ್ರಿ ತನ್ನ ಹಗ್ಗ ನೋಡಲು ಬಂದವನು ಇಡೀ ಸಾಲಿನ ಹಗ್ಗಗಳನ್ನೂ ನೋಡಿಹೋಗಬೇಕು. ಉಪಕರಣ ಕೇಳಿದರೆ ಕೊಡಬೇಕು, ಕೇಳದೆ ಬುದ್ಧಿವಾದ ಕೊಡಬಾರದು. ಈ ಕೊನೆಯದನ್ನು ಯಾರೂ ಪಾಲಿಸುವುದಿಲ್ಲ.

ಇದರ ಬೇರು ಮೋಜಿನಲ್ಲಿಲ್ಲ, ಭಯದಲ್ಲಿದೆ. ನೀರಿನ ಮೇಲೆ ಕೆಟ್ಟು ನಿಂತವನಿಗೆ ಹತ್ತಿರದ ಸಹಾಯ ಎಂದರೆ ಹತ್ತಿರದ ದೋಣಿಯೇ. ಪ್ರಾಣಾಪಾಯದಲ್ಲಿರುವವರಿಗೆ, ತನ್ನ ಹಡಗಿಗೂ ಅದರಲ್ಲಿರುವವರಿಗೂ ಗಂಭೀರ ಅಪಾಯವಾಗದಿದ್ದರೆ, ನೆರವಾಗಲೇಬೇಕೆಂದು ಅಮೆರಿಕದ ಕಾನೂನೇ ನಾವಿಕನಿಗೆ ಹೇಳುತ್ತದೆ. ರೇಡಿಯೊದ 16ನೇ ಚಾನೆಲ್ಲಿಗೆ ಎಲ್ಲರೂ ಕಿವಿಗೊಟ್ಟಿರುವುದು ಅದಕ್ಕೇ. ಅದರಲ್ಲಿ ಮೂರು ಸಲ ಕೂಗುವ 'ಮೇಡೇ' ಎಂಬ ಪದಕ್ಕೂ ಮೇ ತಿಂಗಳಿಗೂ ಸಂಬಂಧವಿಲ್ಲ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಮಾಕ್‌ಫರ್ಡ್ ಅದನ್ನು ಸೂಚಿಸಿದ್ದು, ನನಗೆ ನೆರವಾಗಿ ಎಂಬರ್ಥದ ಫ್ರೆಂಚ್ ಮಾತಿನ ಧ್ವನಿಯಿಂದ.

ಕಾನೂನು ಒಂದು ಗೆರೆಯವರೆಗೆ ಕೇಳುತ್ತದೆ. ಅದರಾಚೆಗೆ ಹೋದವರ ಕತೆ ಈ ಸರೋವರಗಳ ಕಡೆ ಎಲ್ಲರಿಗೂ ಗೊತ್ತು. 1975ರ ನವೆಂಬರ್ 10ರ ಸಂಜೆ ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ 'ಎಡ್ಮಂಡ್ ಫಿಟ್ಜ್‌ಜೆರಾಲ್ಡ್' ಎಂಬ ಅದಿರಿನ ಹಡಗು 29 ಜನರೊಂದಿಗೆ ಮುಳುಗಿತು. ಅದರ ಹಿಂದೆ ಬರುತ್ತಿದ್ದ 'ಆರ್ಥರ್ ಎಂ. ಆಂಡರ್ಸನ್' ಹಡಗು ಕಷ್ಟಪಟ್ಟು ಆಶ್ರಯದ ಕೊಲ್ಲಿಯನ್ನು ಸೇರಿತ್ತು. ಹುಡುಕಲು ಮತ್ತೆ ಹೋಗಲಾದೀತೇ ಎಂದು ಕೋಸ್ಟ್ ಗಾರ್ಡ್ ಕೇಳಿದಾಗ ಅದರ ಕ್ಯಾಪ್ಟನ್ ಅದೇ ಬಿರುಗಾಳಿಗೆ ಹಡಗನ್ನು ತಿರುಗಿಸಿದರು. ಇನ್ನೊಂದು ಹಡಗೂ ಜೊತೆಗೆ ಹೊರಟಿತು. ಯಾರೂ ಬದುಕಿ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಡೆಟ್ರಾಯಿಟ್ಟಿನ ಮ್ಯಾರಿನರ್ಸ್ ಚರ್ಚಿನಲ್ಲಿ 29 ಸಲ ಗಂಟೆ ಬಾರಿಸಿದರು.

ಇದನ್ನು ನಮ್ಮೂರ ಮೀನುಗಾರರ ಒಗ್ಗಟ್ಟಿಗೆ ಹೋಲಿಸಲು ನನಗೆ ಸಂಕೋಚ. ಹುಡುಗನಾಗಿದ್ದಾಗ ರಂಪಣಿ ಎಳೆಯುವುದನ್ನು ನೋಡಿದ್ದೇನೆ. ದಡದಲ್ಲಿ ಎರಡು ಸಾಲಾಗಿ ನಿಂತ ಹತ್ತಾರು ಜನ, ಒಂದೇ ಬಲೆ, ಬಂದ ಮೀನು ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು ಅದು ಮೂಲೆಗೆ ಸರಿಯಿತು. ಅದು ಹೊಟ್ಟೆಪಾಡಿನ ಒಗ್ಗಟ್ಟು, ನಮ್ಮದು ವಾರಾಂತ್ಯದ್ದು. ಎರಡೂ ಒಂದೇ ಎಂದರೆ ಅವರಿಗೆ ಅವಮಾನ. ಆದರೂ ಒಂದು ಹೋಲಿಕೆಯನ್ನು ಬಿಡಲಾರೆ. ಅಲ್ಲಿ ಮಳೆಗಾಲದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ದಕ್ಕೆಯಲ್ಲಿ ಬಲೆ ಹೊಲಿಯುತ್ತಾ ದೋಣಿ ರಿಪೇರಿ ಮಾಡುತ್ತಾ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಇಲ್ಲಿ ಆ ರಜೆ ಹಿಮದ್ದು.

ಅಕ್ಟೋಬರಿನಲ್ಲಿ ಕ್ರೇನ್ ಬರುವ ದಿನ ಸಾಲಿನವರೆಲ್ಲ ಹಾಜರು. ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ, ಎಂಜಿನ್ನಿನಲ್ಲಿ ಒಂದು ಲೋಟ ನೀರು ಉಳಿದರೂ ಕಬ್ಬಿಣ ಸೀಳುತ್ತದೆ. ಅದಕ್ಕಾಗಿ ಕೊಳವೆಗಳಿಗೆಲ್ಲ ಗುಲಾಬಿ ಬಣ್ಣದ ದ್ರವ ತುಂಬುತ್ತೇವೆ. ಅದು ಪ್ರೊಪಿಲೀನ್ ಗ್ಲೈಕಾಲ್, ಔಷಧಿಗಳಲ್ಲೂ ಬಳಸುವಂಥದ್ದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆ. ಅದು ಸಿಹಿ, ಮಕ್ಕಳೋ ನಾಯಿಯೋ ನೆಕ್ಕಿದರೆ ಮೂತ್ರಪಿಂಡವೇ ಹೋಗಬಹುದು. ಆ ಸಾಲಿಗೆ ನಾನು ಮಾಡಿದ ದೊಡ್ಡ ಉಪಕಾರವೆಂದರೆ ಈ ಎರಡು ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡಿಸಿದ್ದು. ದೋಣಿಯ ತಳಕ್ಕೆ ಅಂಟಿದ ಜೀಬ್ರಾ ಮೃದ್ವಂಗಿಗಳನ್ನು ಕೆರೆಯುವುದೂ ಅಂದೇ. ಬೆರಳಿನ ಉಗುರಿನಷ್ಟು ದೊಡ್ಡ ಈ ಚಿಪ್ಪುಜೀವಿಗಳು ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯವು. ಹಡಗುಗಳ ಭಾರದ ನೀರಿನಲ್ಲಿ ಬಂದು, 1988ರಲ್ಲಿ ನಮ್ಮ ಇದೇ ಕೆರೆಯಲ್ಲಿ ಮೊದಲು ಕಣ್ಣಿಗೆ ಬಿದ್ದವು. ಸಂಜೆ ನನ್ನ ಹೆಂಡತಿಯ ಗೋಳಿಬಜೆ. ಮೊದಲ ವರ್ಷ ಅನುಮಾನದಿಂದ ಮೂಸಿ ನೋಡಿದವರು, ಆಮೇಲಿನ ವರ್ಷಗಳಲ್ಲಿ ಕ್ರೇನಿನ ದಿನಾಂಕಕ್ಕಿಂತ ಮೊದಲು ಗೋಳಿಬಜೆಯನ್ನು ಖಾತರಿ ಮಾಡಿಕೊಳ್ಳುತ್ತಿದ್ದರು.

ಒಪ್ಪಿಸುವುದು

ಬ್ರೋಕರ್ ಮೂಲಕ ಮಾರಿದರೆ ಸಾಮಾನ್ಯವಾಗಿ ಶೇಕಡಾ 10 ಕಮಿಷನ್. ಇಷ್ಟು ಕಡಿಮೆ ಬೆಲೆಯ ದೋಣಿಗೆ ಅವರು ಆಸಕ್ತಿ ತೋರಿಸುವುದಿಲ್ಲ. ಕೊನೆಗೆ ಮಾರಿಕೊಟ್ಟದ್ದು ದಕ್ಕೆಯೇ. ಪ್ಲಂಬರನ ಜೊತೆ ಕೆಲಸ ಮಾಡುವ ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಅವನ ಹೆಂಡತಿ ಹಳೆಯ ದೋಣಿ ಹುಡುಕುತ್ತಿದ್ದರು, ಮೂವತ್ತರ ಆಸುಪಾಸಿನವರು. ಅವರು ನೋಡಲು ಬಂದ ದಿನ ನನಗಿಂತ ಹೆಚ್ಚು ಪ್ರಶ್ನೆ ಕೇಳಿದವರು ಅಕ್ಕಪಕ್ಕದ ದೋಣಿಯವರು. ಈಜು ಬರುತ್ತದೆಯೇ, ಚಳಿಗಾಲದಲ್ಲಿ ಎಲ್ಲಿ ಇಡುತ್ತೀರಿ, ವಾರದಲ್ಲಿ ಎಷ್ಟು ದಿನ ಬರುತ್ತೀರಿ. ಮದುವೆಗೆ ಹೆಣ್ಣು ಕೊಡುವ ಮನೆಯವರ ಕುತೂಹಲ. ಹುಡುಗಿ ನೇರವಾಗಿ ಹೇಳಿದಳು: ಕೈಯಲ್ಲಿರುವುದು ಇಷ್ಟೇ, ವರ್ಷದ ಖರ್ಚಿಗೆ ಬೇರೆ ಎತ್ತಿಟ್ಟಿದ್ದೇವೆ. ಖರ್ಚನ್ನು ಬೇರೆ ಎತ್ತಿಟ್ಟಿದ್ದೇವೆ ಎಂಬ ಮಾತು ಕೇಳಿ ಆ ಅಚ್ಚು ಕೆಲಸಗಾರ ನನ್ನ ಕಡೆ ನೋಡಿ ತಲೆಯಾಡಿಸಿದ. ವ್ಯವಹಾರ ಮುಗಿದದ್ದು ಅಲ್ಲಿಯೇ.

ಕಾಗದಪತ್ರ ಸುಲಭ. ಮಿಷಿಗನ್ನಿನಲ್ಲಿ ಇಪ್ಪತ್ತು ಅಡಿಗಿಂತ ಉದ್ದದ ದೋಣಿಗೆ ಕಾರಿನಂತೆಯೇ ಹಕ್ಕುಪತ್ರವಿರುತ್ತದೆ. ಅದಕ್ಕೆ ಸಹಿ ಹಾಕಿ ಕೊಟ್ಟರೆ ಕೊಂಡವರು ಶೇಕಡಾ 6 ತೆರಿಗೆ ಕಟ್ಟಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. 1972ರ ನವೆಂಬರಿನಿಂದೀಚೆಗಿನ ದೋಣಿಗಳ ಮೈಮೇಲೆ 12 ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಹಕ್ಕುಪತ್ರದಲ್ಲಿರುವುದೂ ಅದೂ ಒಂದೇ ಎಂದು ತಾಳೆ ನೋಡಿಕೊಳ್ಳಬೇಕು. ಎಲ್ಲ ಸೇರಿ ಅರ್ಧ ಗಂಟೆ.

ನಿಜವಾದ ಹಸ್ತಾಂತರಕ್ಕೆ ಮೂರು ಶನಿವಾರ ಬೇಕಾಯಿತು. ಯಾವ ಕವಾಟ ಎಡಕ್ಕೆ ತಿರುಗುತ್ತದೆ, ಉತ್ತರದ ಗಾಳಿಯಲ್ಲಿ ನಮ್ಮ ಸಾಲಿಗೆ ಹೇಗೆ ಒಳಬರಬೇಕು, ಇಂಧನ ತೊಟ್ಟಿಯ ಮುಳ್ಳು ಕಾಲುಭಾಗ ತೋರಿಸಿದರೆ ಖಾಲಿ ಎಂದೇ ತಿಳಿಯಬೇಕು. ನಾನು 2002ರಿಂದ ಬರೆದಿಟ್ಟ ಏಳು ನೋಟುಪುಸ್ತಕ ಕೊಟ್ಟೆ. ಎಣ್ಣೆ ಬದಲಿಸಿದ ದಿನ, ಪಂಪಿನ ರಬ್ಬರ್ ಚಕ್ರದ ಸಂಖ್ಯೆ, ನಡುನಡುವೆ ಹಕ್ಕಿಗಳ ಹೆಸರು. ನನಗಿಂತ ಹಿಂದಿನ ಯಜಮಾನರ ಕೈಬರಹದ ಒಂದು ತೆಳ್ಳಗಿನ ಪುಸ್ತಕವೂ ಇತ್ತು, ಅವರೂ ನನಗೆ ಹೀಗೆಯೇ ಕೊಟ್ಟಿದ್ದರು. ಈ ಪುಸ್ತಕಗಳು, ಸಾಲಿನ ಹದಿಮೂರು ಮನೆಯವರ ಪರಿಚಯ, ಯಾರ ಬಳಿ ಯಾವ ಪಾನಾ ಇದೆ ಎಂಬ ತಿಳಿವಳಿಕೆ, ಇವಕ್ಕೆ ಬೆಲೆ ಹಾಕಿದ್ದರೆ 5,500 ಸಾಲುತ್ತಿರಲಿಲ್ಲ. ಗುಜರಿಯವನಿಗೆ ಇವು ಬೇಕಿರಲಿಲ್ಲ.

ಹೆಸರನ್ನು ಅವರು ಬದಲಾಯಿಸಿದರು. ಕೇಳಿ, ಒಪ್ಪಿಗೆ ಪಡೆದು. ಬದಲಾಯಿಸುವುದು ಅಪಶಕುನ ಎಂದು ಸಾಲಿನಲ್ಲಿ ಇಬ್ಬರು ಗೊಣಗಿದರು. ನಾನೂ 2002ರಲ್ಲಿ ಹಳೆಯ ಹೆಸರು ತೆಗೆದವನೇ ಎಂದು ನೆನಪಿಸಿದೆ. ಬಿಸಿಗಾಳಿಯ ಯಂತ್ರ ಹಿಡಿದು ಅಕ್ಷರಗಳನ್ನು ಎಬ್ಬಿಸಿದರೆ ಅಂಟು ಬಿಟ್ಟು ಸುರುಳಿಯಾಗಿ ಬರುತ್ತವೆ. ಆದರೆ ಇಷ್ಟು ವರ್ಷದ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಅಕ್ಷರಗಳ ಕೆಳಗಿನದು ಹೊಸದಾಗಿಯೇ ಉಳಿದಿತ್ತು. ಇಂಗ್ಲಿಷಿನ ನೆರಳನ್ನು ಹೊಸ ಹೆಸರು ಮುಚ್ಚಿತು. ಕನ್ನಡದ್ದು ಇನ್ನೂ ಕಾಣುತ್ತದೆ. ಪಾಲಿಷ್ ಹಾಕಿದರೆ ಹೋಗುತ್ತದೆ ಎಂದು ಹೇಳಿದ್ದೇನೆ, ಅವರಿಗೆ ಪುರಸೊತ್ತಾಗಿಲ್ಲ.

ಬುಧವಾರ ಸಂಜೆಯ ಸ್ಪರ್ಧೆಗೆ ವಕೀಲನ ದೋಣಿಯಲ್ಲಿ ನನಗೊಂದು ಜಾಗವಿದೆ, ಹಿಂಬದಿಯಲ್ಲಿ, ಬೂಮಿಗೆ ಎಟುಕದ ಕಡೆ, ಗಡಿಯಾರ ಹಿಡಿದು ಸಮಯ ಹೇಳುವ ಕೆಲಸ. ಜೀವರಕ್ಷಕ ಜಾಕೆಟ್ಟಿನ ಜೊತೆಗೆ ಹೆಲ್ಮೆಟ್ ಹಾಕುತ್ತೇನೆ. ನಗುತ್ತಾರೆ, ನಗಲಿ. ಜೂನ್ ತಿಂಗಳಲ್ಲಿ ಆ ಎಲೆಕ್ಟ್ರಿಷಿಯನ್ ಕೆರೆಯ ನಡುವಿನಿಂದ ಫೋನು ಮಾಡಿದ. ಎಂಜಿನ್ ನಿಂತಿದೆ, ಮುಳ್ಳು ಮಾತ್ರ ಕಾಲುಭಾಗ ತೋರಿಸುತ್ತಿದೆ ಎಂದ. ಎರಡನೇ ನೋಟುಪುಸ್ತಕ ತೆಗೆದು ನೋಡು ಎಂದೆ.